ಬೆಂಗಳೂರು-೨೯ರ ಕನ್ನಡ ಸಂಘ

ಮೈಸೂರು ರಸ್ತೆಯಲ್ಲಿ ದಿನಾ ಓಡಾಡುವ ನಮ್ಮ ಕಡೆಯವರಿಗೆ ಕ್ರೈಸ್ಟ್ ಅಂದರೆ ಕುಂಬಳಗೋಡಿನ ಹತ್ತಿರ ಕಣಿಮಿಣಿಕೆಯಲ್ಲಿರುವ ದೊಡ್ಡ ಕ್ಯಾಂಪಸ್ಸು. ಕುತ್ತಿಗೆಗೆ ಐಡಿ ಕಾರ್ಡು ಹಾಕಿಕೊಂಡ ಹುಡುಗ ಹುಡುಗಿಯರು ಬಸ್ಸಿನಿಂದ ಇಳಿದು ಹೋಗುವ ಜಾಗ. ಬೈರಮಂಗಲದ ನನ್ನ ಅಕ್ಕನ ಮಗಳೂ ಈಗ ಅವರಲ್ಲೊಬ್ಬಳು. ಅವಳು ಅಲ್ಲಿಗೆ ಸೇರಿದಾಗ ನಮ್ಮೂರಿನ ಹಿರಿಯರೊಬ್ಬರು ಜಗಲಿ ಮೇಲೆ ಕೂತು ಒಂದು ಮಾತು ಹೇಳಿದರು. "ಅದು ಮಲಯಾಳಿ ಪಾದ್ರಿಗಳ ಕಾಲೇಜು ಕಣಪ್ಪಾ, ಅಲ್ಲಿ ಕನ್ನಡಕ್ಕೇನು ಕೆಲಸ?"

ನಾನು ಆಗ ಸುಮ್ಮನಿದ್ದೆ. ಯಾಕೆಂದರೆ ಅದಕ್ಕೆ ಉತ್ತರ ಒಂದು ಮಾತಿನಲ್ಲಿ ಹೇಳುವಂಥದ್ದಲ್ಲ. ನನಗೆ ಕ್ರೈಸ್ಟ್ ಅಂದ ಕೂಡಲೇ ನೆನಪಾಗುವುದು ಕಟ್ಟಡವೂ ಅಲ್ಲ, ಕಾಂಪೌಂಡೂ ಅಲ್ಲ. ಪುಸ್ತಕದ ಮೊದಲ ಪುಟದ ಕೆಳಗೆ ಅಚ್ಚಾದ ಒಂದು ಸಾಲು: ಕನ್ನಡ ಸಂಘ, ಕ್ರೈಸ್ಟ್ ಕಾಲೇಜು, ಬೆಂಗಳೂರು-೨೯. ಓದುವ ಚಟ ಹತ್ತಿದ ದಿನಗಳಲ್ಲಿ ಹಳೇ ಪುಸ್ತಕದ ಅಂಗಡಿಗಳಲ್ಲಿ ಈ ಸಾಲು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿತ್ತು. ಕ್ರಿಸ್ತನ ಹೆಸರಿನ ಕಾಲೇಜು, ಹೊಸೂರು ರಸ್ತೆಯಂಥಾ ಇಂಗ್ಲಿಷು ಏರಿಯಾ, ಅದರ ಮಧ್ಯೆ ಕನ್ನಡದ ಕವಿತೆ ಪುಸ್ತಕ! ಇದು ಹೇಗೆ ಅಂತ ಆಶ್ಚರ್ಯ ಆಗುತ್ತಿತ್ತು. ಆ 'ಹೇಗೆ' ಎನ್ನುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ನೋಡುತ್ತಿದ್ದೇನೆ.

ಮೊದಲು ಈ ಪಾದ್ರಿಗಳು ಯಾರು ಅಂತ ನೋಡೋಣ. ನಮ್ಮಲ್ಲಿ ಕ್ರೈಸ್ತ ಸಂಸ್ಥೆ ಅಂದರೆ ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕುವ ಅಭ್ಯಾಸ ಇದೆ. ಮಂಗಳೂರಿನಲ್ಲಿ ಪತ್ರಿಕೆ ನಡೆಸಿದ ಮೊಗ್ಲಿಂಗ್, ನಿಘಂಟು ಮಾಡಿದ ಕಿಟ್ಟೆಲ್ ಇವರೆಲ್ಲ ಬಾಸೆಲ್ ಮಿಷನ್ನಿನವರು, ಪ್ರೊಟೆಸ್ಟೆಂಟರು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜನ್ನು ೧೮೮೨ರಲ್ಲಿ ಶುರು ಮಾಡಿದವರು ಪ್ಯಾರಿಸ್ ಮಿಷನ್ನಿನ ಫ್ರೆಂಚ್ ಪಾದ್ರಿಗಳು. ೧೯೩೭ರಲ್ಲಿ ಅದು ಜೆಸ್ವಿಟರ ಕೈಗೆ ಬಂತು, ೨೦೨೨ರಲ್ಲಿ ವಿಶ್ವವಿದ್ಯಾಲಯವೂ ಆಯಿತು. ಮಂಗಳೂರಿನ ಸೇಂಟ್ ಅಲೋಶಿಯಸ್ (೧೮೮೦) ಮೊದಲಿಂದಲೂ ಜೆಸ್ವಿಟರದ್ದು. ಕ್ರೈಸ್ಟ್ ಇವ್ಯಾವುದರ ಸಾಲಿಗೂ ಸೇರುವುದಿಲ್ಲ. ಅದನ್ನು ಕಟ್ಟಿದ್ದು ಸಿಎಂಐ ಅನ್ನುವ ಪಂಥ. ಯೂರೋಪಿನಿಂದ ಬಂದದ್ದಲ್ಲ, ಕೇರಳದ ಮಣ್ಣಿನಲ್ಲೇ ಹುಟ್ಟಿದ್ದು. ೧೮೩೧ರಲ್ಲಿ ಕೋಟ್ಟಯಂ ಹತ್ತಿರದ ಮಾನ್ನಾನಂ ಅನ್ನೋ ಗುಡ್ಡದ ಮೇಲೆ ಪಾಲಕ್ಕಲ್ ತೋಮಾ, ಪೋರೂಕರ ತೋಮಾ, ಚಾವರ ಕುರಿಯಾಕೋಸ್ ಎಲಿಯಾಸ್ ಅನ್ನುವ ಮೂವರು ಸಿರಿಯನ್ ಕ್ಯಾಥೊಲಿಕ್ ಪಾದ್ರಿಗಳು ಸೇರಿ ಶುರು ಮಾಡಿದ್ದು. ಈ ಚಾವರ ಅವರನ್ನೇ ಪೋಪ್ ಫ್ರಾನ್ಸಿಸ್ ೨೦೧೪ರಲ್ಲಿ ಸಂತರೆಂದು ಘೋಷಿಸಿದ್ದು.

ಚಾವರ ಅವರ ಕತೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಅಚ್ಚುಕೂಟದ್ದು. ೧೮೪೬ರಲ್ಲಿ ಮಾನ್ನಾನಂನಲ್ಲಿ ಒಂದು ಪ್ರೆಸ್ಸು ಹಾಕಬೇಕೆಂದು ಹೊರಟರು. ಮುದ್ರಣಯಂತ್ರ ತರಿಸುವುದು ಆಗದ ಮಾತು. ತಿರುವನಂತಪುರದಲ್ಲಿದ್ದ ಯಂತ್ರವನ್ನು ನೋಡಿಕೊಂಡು ಬಂದು, ಬಾಳೆದಿಂಡಿನಲ್ಲಿ ಅದರ ಮಾದರಿ ಮಾಡಿ ತೋರಿಸಿ, ಊರ ಬಡಗಿಯ ಕೈಲಿ ಮರದ ಪ್ರೆಸ್ಸು ಮಾಡಿಸಿದರು ಅಂತ ಹೇಳುತ್ತಾರೆ. ಬಾಳೆದಿಂಡು! ಅದೇ ಮಾನ್ನಾನಂನಿಂದ ೧೮೮೭ರಲ್ಲಿ 'ನಸ್ರಾಣಿ ದೀಪಿಕ' ಪತ್ರಿಕೆ ಹೊರಟಿತು. ಇವತ್ತಿಗೂ 'ದೀಪಿಕ' ಅನ್ನುವ ಹೆಸರಲ್ಲಿ ಮಲಯಾಳದಲ್ಲಿ ಬರುತ್ತಿದೆ. ಚಾವರ ಅವರು ಸಂಸ್ಕೃತ ಪಾಠಶಾಲೆ ಮಾಡಿದರು, ಪ್ರತಿ ಚರ್ಚಿನ ಪಕ್ಕ ಒಂದು ಶಾಲೆ ಇರಬೇಕು ಅಂತ ಪಟ್ಟು ಹಿಡಿದರು. ಪುಸ್ತಕ ಅಚ್ಚು ಮಾಡುವುದು, ಶಾಲೆ ನಡೆಸುವುದು, ದೇಶಭಾಷೆಯಲ್ಲಿ ಬರೆಯುವುದು ಇವೆಲ್ಲ ಆ ಪಂಥಕ್ಕೆ ಹುಟ್ಟಿನಿಂದಲೇ ಬಂದ ಗುಣ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇವರು ಬೆಂಗಳೂರಿಗೆ ಬಂದದ್ದು ಕಾಲೇಜು ಮಾಡಲು ಅಲ್ಲ. ಪಾದ್ರಿಯಾಗುವವರಿಗೆ ಓದಿಸುವ ಅವರ ಸೆಮಿನರಿ ಕೇರಳದ ಚೆತ್ತಿಪುಳದಲ್ಲಿತ್ತು. ೧೯೫೭ರಲ್ಲಿ ಅದನ್ನು ಬೆಂಗಳೂರಿಗೆ ತಂದು ಧರ್ಮಾರಾಮ್ ಅಂತ ಹೆಸರಿಟ್ಟರು. ಧರ್ಮದ ಆರಾಮ, ಅಂದರೆ ಧರ್ಮದ ತೋಟ. ಹೆಸರೇ ಸಂಸ್ಕೃತದ್ದು ನೋಡಿ. ಹೊಸೂರು ರಸ್ತೆ ಆಗ ಊರಾಚೆ. ಹನ್ನೆರಡು ವರ್ಷದ ಮೇಲೆ, ೧೯೬೯ರ ಜುಲೈನಲ್ಲಿ, ಅದೇ ಆವರಣದಲ್ಲಿ ಕ್ರೈಸ್ಟ್ ಕಾಲೇಜು ಶುರುವಾಯಿತು. ಬೆಂಗಳೂರು ವಿಶ್ವವಿದ್ಯಾಲಯ ೧೯೬೪ರಲ್ಲಿ ಹುಟ್ಟಿ ಇನ್ನೂ ಐದು ವರ್ಷ. ಕ್ರೈಸ್ಟ್ ಅದಕ್ಕೆ ಸೇರಿದ ಮಾಮೂಲಿ ಕಾಲೇಜುಗಳಲ್ಲಿ ಒಂದು.

ಆಗಿನ ಬೆಂಗಳೂರಿನ ಸ್ಥಿತಿ ನೆನಪಿಸಿಕೊಳ್ಳಬೇಕು. ಅರವತ್ತರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಅಂಥವರು ಕನ್ನಡಕ್ಕೆ ರಾಜಧಾನಿಯಲ್ಲೇ ಜಾಗ ಇಲ್ಲ ಅಂತ ಬೀದಿಗಿಳಿದಿದ್ದರು. ಕಂಟೋನ್ಮೆಂಟಿನ ಕಡೆ ಹೋದರೆ ತಮಿಳು, ಇಂಗ್ಲಿಷು, ಉರ್ದು. ಎರಡನೇ ವ್ಯಾಟಿಕನ್ ಸಭೆ (೧೯೬೨-೬೫) ಪೂಜೆಯನ್ನು ಲ್ಯಾಟಿನ್ ಬಿಟ್ಟು ಜನರ ಭಾಷೆಯಲ್ಲಿ ಮಾಡಬಹುದು ಅಂದಾಗ, ಬೆಂಗಳೂರಿನ ಚರ್ಚುಗಳಲ್ಲಿ 'ಜನರ ಭಾಷೆ' ಯಾವುದು ಅಂತ ಜಗಳ ಎದ್ದಿತು. ಕನ್ನಡ ಕ್ಯಾಥೊಲಿಕರು ತಮ್ಮದೇ ಚರ್ಚಿನೊಳಗೆ ಕನ್ನಡದ ಪೂಜೆಗಾಗಿ ದಶಕಗಟ್ಟಲೆ ಹೋರಾಡಿದರು.

ಇಲ್ಲೊಂದು ಮಾತು ಸೇರಿಸಲೇಬೇಕು. ಕ್ಯಾಥೊಲಿಕರು ಅಂದರೆ ಹೊರಗಿನವರು ಅಂತ ನಮ್ಮ ಜಿಲ್ಲೆಯವರು ಅಂದುಕೊಳ್ಳಲೇಬಾರದು. ಕನಕಪುರ ತಾಲೂಕಿನ ಹಾರೋಬೆಲೆಗೆ ಹೋಗಿ ನೋಡಿ. ಹೊಲ ಗದ್ದೆ ಮಾಡಿಕೊಂಡಿರುವ, ನಮ್ಮದೇ ಕನ್ನಡ ಆಡುವ ಕ್ಯಾಥೊಲಿಕರ ಊರು ಅದು. ಶುಭ ಶುಕ್ರವಾರದ ಸುಮಾರಿಗೆ ಅಲ್ಲಿ ಯೇಸುವಿನ ಪಾಡಿನ ನಾಟಕ ಆಡುತ್ತಾರೆ, ಕನ್ನಡದಲ್ಲಿ. ನಮ್ಮೂರ ಕುರುಕ್ಷೇತ್ರ ನಾಟಕ ನೋಡಿದವರಿಗೆ ಆ ನಾಟಕ ಪರಕೀಯ ಅನ್ನಿಸುವುದೇ ಇಲ್ಲ. ನೂರು ವರ್ಷ ಮೀರಿದ ಪರಂಪರೆ. ಮೈಸೂರು ಸೀಮೆಯ ಫ್ರೆಂಚ್ ಬಿಷಪ್ಪರು ೧೮೬೧ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಲ್ಯಾಟಿನ್-ಕನ್ನಡ ನಿಘಂಟು ಅಚ್ಚು ಹಾಕಿಸಿದ್ದರು, ಕಿಟ್ಟೆಲ್ ನಿಘಂಟಿಗಿಂತ ಮೂರು ದಶಕ ಮೊದಲು! ಹಾಗಾಗಿ ಕ್ಯಾಥೊಲಿಕರಿಗೆ ಕನ್ನಡ ಹೊಸದಲ್ಲ. ಆದರೆ ಧರ್ಮಾರಾಮದವರಿಗೆ ಹೊಸದು. ಅವರ ಮನೆಮಾತು ಮಲಯಾಳ, ಅವರು ಬಂದು ಆಗ ಹತ್ತು ಹನ್ನೆರಡು ವರ್ಷ ಅಷ್ಟೇ.

ಅಂಥಾ ಕಾಲೇಜಿಗೆ ಕನ್ನಡ ಪಾಠ ಮಾಡಲು ಬಂದವರು ಚಿ. ಶ್ರೀನಿವಾಸರಾಜು.

ಹುಟ್ಟಿದ್ದು ೧೯೪೨ರಲ್ಲಿ, ಚಿಕ್ಕಬಳ್ಳಾಪುರದವರು. ಕವಿತೆ ಬರೆದರು, ನಾಟಕ ಬರೆದರು, ಅನುವಾದ ಮಾಡಿದರು. ಆದರೆ ಅವರನ್ನು ಬಲ್ಲವರು ಮೊದಲು ಹೇಳುವುದು ಅವರು ಬರೆದದ್ದರ ಬಗ್ಗೆ ಅಲ್ಲ, ಬೇರೆಯವರಿಂದ ಬರೆಸಿದ್ದರ ಬಗ್ಗೆ. ಎಲ್ಲರಿಗೂ ಅವರು 'ಮೇಷ್ಟ್ರು'. ೧೯೭೨ರಲ್ಲಿ ಕಾಲೇಜಿನಲ್ಲಿ ಕನ್ನಡ ಸಂಘ ಶುರು ಮಾಡಿದರು. ಕನ್ನಡ ಸಂಘ ಯಾವ ಕಾಲೇಜಿನಲ್ಲಿ ಇಲ್ಲ ಹೇಳಿ? ನವೆಂಬರಿನಲ್ಲಿ ಒಂದು ಬಾವುಟ, ಒಬ್ಬರು ಅತಿಥಿ, ಒಂದು ಭಾವಗೀತೆ, ಮುಗೀತು. ಕ್ರೈಸ್ಟ್ ಸಂಘ ಹಾಗಾಗಲಿಲ್ಲ. ಅದು ಪ್ರಕಾಶನ ಸಂಸ್ಥೆಯಾಯಿತು. ಸುಮಾರು ಮೂರು ದಶಕದಲ್ಲಿ ಇನ್ನೂರಕ್ಕೂ ಹೆಚ್ಚು ಪುಸ್ತಕ ಹೊರಗೆ ಬಂದವು. ಇದನ್ನು ಮಾಡಿದ್ದು ಒಂದು ಕಾಲೇಜಿನ ವಿದ್ಯಾರ್ಥಿ ಸಂಘ ಅನ್ನುವುದು ಸ್ವಲ್ಪ ನಿಧಾನಕ್ಕೆ ತಲೆಗೆ ಹೋಗುವ ಸಂಗತಿ. ದುಡ್ಡಿರುವ ಪ್ರಕಾಶಕರೇ ಕವಿತೆ ಪುಸ್ತಕ ಅಂದರೆ ಮುಖ ತಿರುಗಿಸುವ ನಾಡು ನಮ್ಮದು.

ಸಂಘದ ಕೆಲಸಗಳಲ್ಲಿ ದೊಡ್ಡ ಹೆಸರು ಮಾಡಿದ್ದು ದ.ರಾ. ಬೇಂದ್ರೆ ಸ್ಮೃತಿ ಕಾವ್ಯ ಸ್ಪರ್ಧೆ. ಬೇಂದ್ರೆ ತೀರಿಕೊಂಡದ್ದು ೧೯೮೧ರ ಅಕ್ಟೋಬರಿನಲ್ಲಿ. ಅವರ ನೆನಪಿಗೆ ಪ್ರತಿಮೆ ಮಾಡಿಸಲಿಲ್ಲ, ನಾಡಿನ ಕಾಲೇಜು ಹುಡುಗರಿಗೆ ಕವಿತೆ ಕಳಿಸಿ ಅಂದರು. ಕ್ರೈಸ್ಟಿನ ಹುಡುಗರಿಗೆ ಮಾತ್ರ ಅಲ್ಲ, ಯಾವ ಊರಿನ ಯಾವ ಕಾಲೇಜಿನವರಾದರೂ ಸರಿ. ಬಂದ ಕವಿತೆಗಳಲ್ಲಿ ಆಯ್ದದ್ದನ್ನು ಪುಸ್ತಕ ಮಾಡುತ್ತಿದ್ದರು. ಕತೆಗೂ ಸ್ಪರ್ಧೆ ಬಂತು. ಇವತ್ತಿನ ಕನ್ನಡ ಲೇಖಕರ ಪರಿಚಯದ ಪುಟ ತೆಗೆದು ನೋಡಿ, 'ಕ್ರೈಸ್ಟ್ ಕಾಲೇಜಿನ ಬೇಂದ್ರೆ ಸ್ಮೃತಿ ಕಾವ್ಯ ಸ್ಪರ್ಧೆಯಲ್ಲಿ ಬಹುಮಾನ' ಎನ್ನುವ ಸಾಲು ಎಷ್ಟು ಜನರ ಹೆಸರಿನ ಮುಂದೆ ಸಿಗುತ್ತೆ ಅಂತ. ಎಷ್ಟೋ ಜನಕ್ಕೆ ಬದುಕಿನ ಮೊದಲ ಸಾಹಿತ್ಯದ ಬಹುಮಾನವೇ ಅದು.

ಇದರ ಮಹತ್ವ ಸಣ್ಣ ಊರಿನಿಂದ ಬಂದವರಿಗೆ ಚೆನ್ನಾಗಿ ಗೊತ್ತಾಗುತ್ತೆ. ರಾಮನಗರದ ಕಾಲೇಜಿನಲ್ಲಿ ಓದುವ ಹುಡುಗ ಕವಿತೆ ಬರೆದರೆ ತೋರಿಸುವುದು ಯಾರಿಗೆ? ಪತ್ರಿಕೆಗೆ ಕಳಿಸಿದರೆ ಉತ್ತರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಲ್ಲಿ ಹಾಗಲ್ಲ. ನಿನ್ನ ಜಾತಿ ಯಾವುದು, ನಿನ್ನ ಮೇಷ್ಟ್ರು ಯಾರು, ನೀನು ನವ್ಯನೋ ಬಂಡಾಯದವನೋ ಅಂತ ಕೇಳುವುದಕ್ಕೆ ಮೊದಲು ಕವಿತೆ ಕೊಡು ಅನ್ನುವ ಒಂದು ವಿಳಾಸ ಇತ್ತು. ನಾನೂ ಒಂದು ವರ್ಷ ನಮ್ಮ ಕೆರೆಯ ಮೇಲೆ ಕವಿತೆ ಬರೆದು ಆ ವಿಳಾಸಕ್ಕೆ ಪೋಸ್ಟು ಮಾಡಿದ್ದೆ. ಬಹುಮಾನ ಬರಲಿಲ್ಲ ಬಿಡಿ. ಆದರೆ ಕವರಿನ ಮೇಲೆ ಬೆಂಗಳೂರು-೨೯ ಅಂತ ಬರೆಯುವಾಗ ಆದ ಪುಳಕ ಇನ್ನೂ ಮರೆತಿಲ್ಲ. ದಲಿತ, ಬಂಡಾಯ ಚಳವಳಿಗಳು ಹಳ್ಳಿ ಹುಡುಗರ ಕೈಗೆ ಪೆನ್ನು ಕೊಟ್ಟ ಕಾಲ ಅದು. ಬರೆದದ್ದನ್ನು ಅಚ್ಚಿನಲ್ಲಿ ನೋಡುವ ದಾರಿ ಕಡಿಮೆ ಇತ್ತು. ಆ ದಾರಿಗಳಲ್ಲಿ ಒಂದು ಒಬ್ಬ ಕ್ಯಾಥೊಲಿಕ್ ಸಂತನ ಮಕ್ಕಳು ಕಟ್ಟಿದ ಕಾಲೇಜಿನ ಗೇಟಿನ ಮೂಲಕ ಹಾದು ಹೋಗುತ್ತಿತ್ತು.

ಇದೇನೂ ಆಕಾಶದಿಂದ ಉದುರಿದ ಐಡಿಯಾ ಅಲ್ಲ. ವಿದ್ಯಾರ್ಥಿಗಳ ಬರಹವನ್ನು ಪುಸ್ತಕ ಮಾಡುವುದು ಕನ್ನಡದಲ್ಲಿ ಹಳೇ ಚಾಳಿ. ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ, ಎ.ಆರ್. ಕೃಷ್ಣಶಾಸ್ತ್ರಿಗಳ 'ಪ್ರಬುದ್ಧ ಕರ್ನಾಟಕ', ಮೈಸೂರಿನವರ 'ಕಿರಿಯ ಕಾಣಿಕೆ', 'ತಳಿರು', ಹೀಗೆ ನವೋದಯದ ಅರ್ಧ ಭಾಗ ಹುಟ್ಟಿದ್ದೇ ಕಾಲೇಜು ಸಂಘಗಳಲ್ಲಿ. ಇವರ ಸಾಲಿನಲ್ಲಿ ನಮ್ಮ ರಾಮನಗರದಲ್ಲಿ ಹುಟ್ಟಿದ ಜಿ.ಪಿ. ರಾಜರತ್ನಂ ಅವರನ್ನು ಬಿಡಲಾಗುವುದೇ ಇಲ್ಲ. ರತ್ನನ ಪದಗಳಿಂದ ನಾಡಿಗೆಲ್ಲ ಗೊತ್ತು. ಹುಡುಗರ ಕೈಲಿ ಬರೆಸಿ ಪ್ರಕಟಿಸಲು 'ವಿದ್ಯಾರ್ಥಿ ವಿಚಾರ ವಿಲಾಸ' ನಡೆಸಿದವರು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಮಾರಿದವರು ಅನ್ನುವುದು ಎಷ್ಟು ಜನಕ್ಕೆ ನೆನಪಿದೆಯೋ. ಅವರು ತೀರಿಕೊಂಡದ್ದು ೧೯೭೯ರಲ್ಲಿ. ಶ್ರೀನಿವಾಸರಾಜು ಅವರನ್ನು ನಾನು ಯಾವಾಗಲೂ ರಾಜರತ್ನಂ ಪಕ್ಕದಲ್ಲಿ ಇಟ್ಟೇ ನೋಡುವುದು. ಒಂದೇ ವ್ಯತ್ಯಾಸ, ರಾಜರತ್ನಂ ಪಾಠ ಮಾಡಿದ್ದು ಸರ್ಕಾರದ ಕಾಲೇಜುಗಳಲ್ಲಿ, ಕನ್ನಡವೇ ವಾತಾವರಣವಾಗಿದ್ದ ಜಾಗಗಳಲ್ಲಿ. ಮೇಷ್ಟ್ರು ಮಾಡಿದ್ದು ಇಂಗ್ಲಿಷ್ ವಾತಾವರಣದ ಖಾಸಗಿ ಕಾಲೇಜಿನಲ್ಲಿ. ಎರಡನೆಯದು ಕಷ್ಟ ಅಂತ ನನ್ನ ಲೆಕ್ಕ.

ಈಗ ಬಾಳೆದಿಂಡಿನ ಪ್ರೆಸ್ಸಿಗೆ ವಾಪಸ್ ಬರೋಣ. ಮೇಷ್ಟ್ರು ಎಷ್ಟೇ ದೊಡ್ಡವರಿರಲಿ, ಕಾಲೇಜು ನಡೆಸುವವರು ಬೇಡ ಅಂದಿದ್ದರೆ ಮೂರು ದಶಕ ಬೇಡ, ಮೂರು ಪುಸ್ತಕ ಹೊರಬರುತ್ತಿರಲಿಲ್ಲ. ಖಾಸಗಿ ಕಾಲೇಜಿನಲ್ಲಿ ಪಾಠ ಮಾಡಿದವರನ್ನು ಕೇಳಿ, ಒಂದು ಡಜನ್ ಸೀಮೆಸುಣ್ಣಕ್ಕೂ ಅರ್ಜಿ ಬರೆಯಬೇಕಾದ ಕಾಲೇಜುಗಳಿವೆ. ಇಲ್ಲಿ ಸಂಸ್ಥೆಯ ಹೆಸರಿನಲ್ಲೇ ಇನ್ನೂರು ಪುಸ್ತಕ. ಅವುಗಳಲ್ಲಿ ದೇವರನ್ನೇ ಪ್ರಶ್ನೆ ಮಾಡುವ ಕವಿತೆಗಳೂ ಇರುತ್ತವೆ, ಹರೆಯದ ಹುಡುಗರು ಬರೆದದ್ದಲ್ಲವೇ. ಅದರ ಮೇಲೆ ಕ್ರಿಸ್ತನ ಹೆಸರು. ಪಾದ್ರಿಗಳು ಇದಕ್ಕೆ ಜಾಗ ಬಿಟ್ಟರು. ನನಗೆ ಅನ್ನಿಸುವುದು ಇಷ್ಟು: ಮಲಯಾಳಕ್ಕೆ ತಮ್ಮ ಹಿರಿಯರು ಏನು ಮಾಡಿದ್ದರೋ ಅದನ್ನೇ ಕನ್ನಡಕ್ಕೆ ಒಬ್ಬ ಕನ್ನಡಿಗ ಮೇಷ್ಟ್ರು ಮಾಡುತ್ತಿದ್ದಾರೆ ಅನ್ನುವುದು ಅವರಿಗೆ ಗುರುತು ಹತ್ತಿರಬೇಕು. ಭಾಷೆ ಬೇರೆ, ಕಸುಬು ಒಂದೇ. ದೇಶಭಾಷೆಯಲ್ಲಿ ಅಚ್ಚು ಹಾಕುವುದೂ ಒಂದು ಧರ್ಮಕಾರ್ಯ ಅಂತ ತಿಳಿದ ಪಂಥಕ್ಕೆ ಇದು ವಿಚಿತ್ರ ಅನ್ನಿಸಿರಲಾರದು. ಜಗಲಿ ಮೇಲಿನ ಹಿರಿಯರಿಗೆ ನಾನು ಹೇಳಬೇಕಿದ್ದದ್ದು ಇದನ್ನೇ.

ಇನ್ನು ಕಾಲೇಜು ವಿಶ್ವವಿದ್ಯಾಲಯವಾದ ಕತೆ. ೧೯೯೮ರಲ್ಲಿ ನ್ಯಾಕ್ ಮಾನ್ಯತೆ ಪಡೆದ ಕರ್ನಾಟಕದ ಮೊದಲ ಸಂಸ್ಥೆಗಳಲ್ಲಿ ಕ್ರೈಸ್ಟ್ ಒಂದು. ೨೦೦೪ರಲ್ಲಿ ಸ್ವಾಯತ್ತತೆ ಸಿಕ್ಕಿತು. ೨೦೦೮ರ ಜುಲೈ ೨೨ರಂದು ಯುಜಿಸಿ ಕಾಯ್ದೆಯ ೩ನೇ ವಿಧಿಯ ಪ್ರಕಾರ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಮೇಷ್ಟ್ರು ಅದನ್ನು ನೋಡಲಿಲ್ಲ. ಏಳು ತಿಂಗಳ ಹಿಂದೆ, ೨೦೦೭ರ ಡಿಸೆಂಬರ್ ೨೮ರಂದು ತೀರಿಕೊಂಡಿದ್ದರು. ಸಂಘದ ಹೆಸರೂ ಆಮೇಲೆ ಕ್ರೈಸ್ಟ್ ವಿಶ್ವವಿದ್ಯಾಲಯ ಕನ್ನಡ ಸಂಘ ಅಂತ ಬದಲಾಯಿತು, ಪುಸ್ತಕಗಳೂ ಬಂದವು.

ಹೊರಗಿನಿಂದ ನೋಡಿದರೆ ಬೋರ್ಡು ಬದಲಾಯಿತು ಅಷ್ಟೇ. ಒಳಗೆ ಬಹಳ ಬದಲಾಗುತ್ತೆ. ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾಗಿದ್ದಾಗ ಪಠ್ಯ, ಪರೀಕ್ಷೆ ಎಲ್ಲ ಅಲ್ಲಿಂದ ಬರಬೇಕು. ಕನ್ನಡ ಪಠ್ಯಪುಸ್ತಕವೂ ಜ್ಞಾನಭಾರತಿಯಿಂದಲೇ. ಸ್ವಂತ ವಿಶ್ವವಿದ್ಯಾಲಯವಾದರೆ ಎಲ್ಲ ನಿಮ್ಮ ಕೈಲಿ. ಏನು ಕಲಿಸಬೇಕು, ಯಾವ ಕೋರ್ಸು ತೆಗೆಯಬೇಕು, ಎಲ್ಲಿ ಕ್ಯಾಂಪಸ್ಸು ಮಾಡಬೇಕು. ಈ ಸ್ವಾತಂತ್ರ್ಯ ಎರಡೂ ಕಡೆ ಕೊಯ್ಯುವ ಕತ್ತಿ. ಒಬ್ಬ ಒಳ್ಳೇ ಮೇಷ್ಟ್ರಿದ್ದರೆ ಸರ್ಕಾರಿ ವಿಶ್ವವಿದ್ಯಾಲಯಕ್ಕಿಂತ ಚೆನ್ನಾದ ಕನ್ನಡ ಪಠ್ಯ ಮಾಡಬಹುದು. ಇಲ್ಲದಿದ್ದರೆ ಬೇಡಿಕೆ ಇರುವ ಕೋರ್ಸುಗಳ ಭಾರಕ್ಕೆ ಕನ್ನಡ ಒಂದು ಮೂಲೆಗೆ ಸರಿಯಬಹುದು, ಯಾರೂ ಬೇಕಂತ ತಳ್ಳದೆ.

೨೦೦೯ರಲ್ಲಿ ಕ್ಯಾಂಪಸ್ಸು ನಮ್ಮ ಕಡೆಗೆ, ಕೆಂಗೇರಿ ದಾಟಿ ಬಂತು. ಮೊದಲು ಎಂಜಿನಿಯರಿಂಗು, ಜೊತೆಗೆ ಮ್ಯಾನೇಜ್‌ಮೆಂಟು, ಆರ್ಕಿಟೆಕ್ಚರು. ಆಮೇಲೆ ಬನ್ನೇರುಘಟ್ಟ ರಸ್ತೆ, ಯಶವಂತಪುರ, ಪುಣೆ ಹತ್ತಿರದ ಲವಾಸಾ, ದೆಹಲಿ ಸೀಮೆ. ಧರ್ಮದ ತೋಟ ಬಹಳ ದೂರ ಹಬ್ಬಿತು.

ಅಲ್ಲಿನ ದಿನಗಳ ಬಗ್ಗೆ ಅಕ್ಕನ ಮಗಳನ್ನು ಕೇಳಿದರೆ ಮೊದಲು ಹೇಳುವುದು ಹಾಜರಾತಿ. ಶೇಕಡಾ ೮೫ ಇರಲೇಬೇಕು! ನಮ್ಮ ಕಾಲದ ಕಾಲೇಜುಗಳಲ್ಲಿ ಶೇಕಡಾ ೮೫ ಸಿನಿಮಾ ಟೆಂಟಿನಲ್ಲಿ ಸಿಗುತ್ತಿತ್ತು. ಬಟ್ಟೆ ಹೀಗಿರಬೇಕು ಅನ್ನುವ ನಿಯಮ, ಗೇಟಿನಲ್ಲಿ ಕಾರ್ಡು. ಮನೆಯಲ್ಲಿ ಅಕ್ಕನಿಗೆ ಈ ಶಿಸ್ತೇ ಇಷ್ಟ, ಮಗಳಿಗೆ ಅದೇ ಕಷ್ಟ. ಆದರೆ 'ದರ್ಪಣ', 'ಬ್ಲಾಸಮ್ಸ್' ಅಂತ ಉತ್ಸವಗಳು ಬಂದರೆ ಎಲ್ಲ ಮರೆತು ಕುಣಿಯುತ್ತಾರೆ. ನನಗೆ ಕುತೂಹಲ ಹುಟ್ಟಿಸಿದ್ದು 'ಭಾಷಾ ಉತ್ಸವ'. ಆವತ್ತು ಎಲ್ಲರೂ ಅವರವರ ನಾಡಿನ ಉಡುಪಿನಲ್ಲಿ ಬರಬೇಕು. ನಾಗಾ ಶಾಲು, ಕೇರಳದ ಮುಂಡು, ಬಂಗಾಳಿ ಸೀರೆ. ಇವಳು ಅಜ್ಜಿಯ ಇಳಕಲ್ ಸೀರೆ ಉಟ್ಟು ಹೋಗಿದ್ದಳು. ರಾಮನಗರದವಳು ಇಳಕಲ್ ಉಡೋದೇನು, ರೇಷ್ಮೆಗೂಡಿನ ಊರು ನಮ್ಮದು ಅಂತ ನಾನು ತಮಾಷೆ ಮಾಡಿದೆ. ಮಾವ, ಅಲ್ಲಿ ನಾನು ರಾಮನಗರದವಳಲ್ಲ, ಕರ್ನಾಟಕದವಳು ಅಂದಳು. ಸರಿಯಾದ ಮಾತೇ.

ಆದರೆ ಅಲ್ಲೇ ಒಂದು ಯೋಚನೆಯೂ ಶುರುವಾಯಿತು. ದೇಶದ ಎಲ್ಲ ಕಡೆಯಿಂದ ಮಕ್ಕಳು ಬರುವ ಕ್ಯಾಂಪಸ್ಸಿನಲ್ಲಿ ಕನ್ನಡ ಹತ್ತು ಹದಿನೈದು ಭಾಷೆಗಳಲ್ಲಿ ಒಂದು. ಅದು ತಪ್ಪಲ್ಲ, ಲೆಕ್ಕ ಹಾಗಿದೆ. ಆದರೆ ವರ್ಷಕ್ಕೊಂದು ದಿನ ಉಡುವ ಸೀರೆಗೂ ವರ್ಷವಿಡೀ ಬರುವ ಕವಿತೆಗೂ ವ್ಯತ್ಯಾಸ ಇದೆ. ಕನ್ನಡ ಸಂಘ ಕನ್ನಡವನ್ನು ಪ್ರದರ್ಶನಕ್ಕಿಟ್ಟಿರಲಿಲ್ಲ, ಕೆಲಸಕ್ಕೆ ಹಚ್ಚಿತ್ತು.

ಸರ್ಕಾರ ಇದಕ್ಕೆ ತನ್ನ ದಾರಿಯಲ್ಲಿ ಮದ್ದು ಹುಡುಕಿತು. ೨೦೨೧ರಲ್ಲಿ ಪದವಿ ತರಗತಿಗಳಲ್ಲಿ ಕನ್ನಡ ಕಡ್ಡಾಯ ಅಂತ ಆದೇಶ ಹೊರಡಿಸಿತು. ಪ್ರಕರಣ ಹೈಕೋರ್ಟಿಗೆ ಹೋಗಿ, ೨೦೨೨ರ ಏಪ್ರಿಲ್‌ನಲ್ಲಿ ಸದ್ಯಕ್ಕೆ ಕಡ್ಡಾಯ ಮಾಡುವ ಹಾಗಿಲ್ಲ ಅಂತ ಮಧ್ಯಂತರ ಆದೇಶ ಬಂತು. ಕಡ್ಡಾಯದ ಪರ ನಾನೂ ಮಾತಾಡಿದ್ದೇನೆ, ಈಗಲೂ ನಾಲ್ಕು ಅಕ್ಷರ ಕನ್ನಡ ಕಲಿಯದೆ ಇಲ್ಲಿಂದ ಡಿಗ್ರಿ ತೆಗೆದುಕೊಂಡು ಹೋಗುವುದು ಸರಿಯಲ್ಲ ಅನ್ನುವವನೇ. ಆದರೆ ೧೯೭೨ರಲ್ಲಿ ಯಾವ ಆದೇಶವೂ ಇರಲಿಲ್ಲ ಅನ್ನುವುದನ್ನು ಮರೆಯಬಾರದು. ಗೋಕಾಕ್ ವರದಿ ಬರಲು ಇನ್ನೂ ಒಂಬತ್ತು ವರ್ಷ ಇತ್ತು. ಇದ್ದದ್ದು ಒಬ್ಬ ಮೇಷ್ಟ್ರು, ಒಂದಿಷ್ಟು ಹುಡುಗರು, ಬೇಡ ಅನ್ನದ ಆಡಳಿತ. ಕೊನೆಯದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದೇ ಸಿಗುವುದು ಅಪರೂಪ.

ನಮ್ಮೂರಿಗೂ ಇದಕ್ಕೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ನೀರಿನಲ್ಲೇ ಹರಿದು ಬರುತ್ತಿದೆ. ಬಸವನಗುಡಿಯಲ್ಲಿ ಹುಟ್ಟಿದ ವೃಷಭಾವತಿ ಬೆಂಗಳೂರಿನ ಕೊಳೆಯನ್ನೆಲ್ಲ ಹೊತ್ತುಕೊಂಡು ಕೆಂಗೇರಿ, ಕುಂಬಳಗೋಡು ಸೀಮೆ ದಾಟಿ ಬೈರಮಂಗಲದ ಕೆರೆಗೆ ಬಂದು ಬೀಳುತ್ತದೆ. ೧೯೪೦ರ ದಶಕದಲ್ಲಿ ಗದ್ದೆಗೆ ನೀರು ಕೊಡಲು ಕಟ್ಟಿದ ಕೆರೆ ಅದು. ನಮ್ಮ ತಾತ ಅದರ ನೀರು ಕುಡಿದವರು, ನಮ್ಮ ಮಕ್ಕಳು ಮೂಗು ಮುಚ್ಚಿಕೊಂಡು ಏರಿ ದಾಟುತ್ತಾರೆ. ಹೊಸೂರು ರಸ್ತೆಯ ಕ್ಯಾಂಪಸ್ಸಿನಲ್ಲಿ 'ಪರಿವರ್ತನ' ಅಂತ ಒಂದು ಘಟಕ ಇದೆ, ಕಸ ಹೊರಗೆ ಹೋಗದ ಹಾಗೆ ಬೇರ್ಪಡಿಸಿ, ರದ್ದಿ ಕಾಗದದಿಂದ ಮತ್ತೆ ಕಾಗದ ಮಾಡುತ್ತಾರೆ ಅಂತ ಓದಿದಾಗ ನನಗೆ ಹೊಟ್ಟೆಕಿಚ್ಚೇ ಆಯಿತು. ಇಡೀ ಬೆಂಗಳೂರು ಆ ಒಂದು ಕ್ಯಾಂಪಸ್ಸಿನಷ್ಟು ಮಾಡಿದ್ದರೆ ನಮ್ಮ ಕೆರೆ ಕೆರೆಯಾಗಿ ಉಳಿಯುತ್ತಿತ್ತು.

ನೀರಿನ ಹಿಂದೆಯ ಹಾಗೆ ಊರೂ ಬರುತ್ತಿದೆ. ಟೊಯೋಟಾ ಬಂತು, ಮೆಟ್ರೋ ೨೦೨೩ರಲ್ಲಿ ಚಲ್ಲಘಟ್ಟಕ್ಕೆ ಬಂತು, ೨೦೨೫ರಲ್ಲಿ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಅಂತ ಬದಲಾಯಿತು. ಅದೇ ವರ್ಷ ಬಿಡದಿ ಟೌನ್‌ಶಿಪ್ಪಿಗೆ ಜಮೀನು ಕೊಡೋದಿಲ್ಲ ಅಂತ ಬೈರಮಂಗಲದ ರೈತರು ಧರಣಿಗೆ ಕೂತರು. ಟೌನ್‌ಶಿಪ್ಪಿನ ನಕ್ಷೆ ಅಂದ ಮೇಲೆ ಅದರಲ್ಲಿ ಕಾಲೇಜು, ಯೂನಿವರ್ಸಿಟಿ ಅಂತ ಜಾಗ ಇದ್ದೇ ಇರುತ್ತೆ. ನಾಳೆ ನಮ್ಮ ಹೊಲದಲ್ಲೂ ಒಂದು ಕ್ಯಾಂಪಸ್ಸು ಏಳಬಹುದು. ಯಾವ ಧರ್ಮದವರದ್ದು, ಯಾವ ರಾಜ್ಯದವರದ್ದು ಅನ್ನುವುದಕ್ಕಿಂತ, ಅಲ್ಲಿ ಒಬ್ಬ ಶ್ರೀನಿವಾಸರಾಜು ಮೇಷ್ಟ್ರಿಗೆ ಒಂದು ರೂಮು, ಒಂದು ಬೀರು, ಒಂದಿಷ್ಟು ಅಚ್ಚಿನ ಖರ್ಚು ಸಿಗುತ್ತದೆಯೇ ಅಂತ ಕೇಳುವುದು ನನಗೆ ಮುಖ್ಯ ಅನ್ನಿಸುತ್ತೆ.

ಅಕ್ಕನ ಮಗಳಿಗೆ ಇದನ್ನೆಲ್ಲ ಹೇಳಿದಾಗ ಅವಳು ಕೇಳಿದ್ದು ಒಂದೇ. "ಆ ಪುಸ್ತಕಗಳು ನಿನ್ನ ಹತ್ರ ಎಷ್ಟಿವೆ?" ಎಣಿಸಿದೆ. ಇನ್ನೂರಕ್ಕೂ ಹೆಚ್ಚಿನದರಲ್ಲಿ ಹನ್ನೊಂದು. ಅದರಲ್ಲಿ ವಿದ್ಯಾರ್ಥಿಗಳ ಕವಿತೆ ಸಂಕಲನಗಳು ನಾಲ್ಕು, ಒಂದಕ್ಕೆ ರಟ್ಟು ಇಲ್ಲ. ಇವನ್ನು ತಾನು ಟೈಪು ಮಾಡಿ ಇಡುತ್ತೇನೆ ಅಂದಿದ್ದಾಳೆ, ಹಕ್ಕು ಯಾರದ್ದು ಅಂತ ಮೊದಲು ಕೇಳಿ ತಿಳಿದುಕೋ ಅಂತ ಹೇಳಿದ್ದೇನೆ. ನಿಮ್ಮಲ್ಲಿ ಯಾರಾದರೂ ಎಂಬತ್ತು ತೊಂಬತ್ತರ ದಶಕದಲ್ಲಿ ಬೆಂಗಳೂರು-೨೯ಕ್ಕೆ ಕವಿತೆ ಪೋಸ್ಟು ಮಾಡಿದವರಿದ್ದರೆ, ಅಟ್ಟದ ಮೇಲೆ ಆ ತೆಳ್ಳನೆ ಪುಸ್ತಕಗಳು ಇನ್ನೂ ಇದ್ದರೆ, ಯಾವ ವರ್ಷದ್ದು, ಯಾರ ಕವಿತೆಗಳಿವೆ ಅಂತ ಒಂದು ಸಾಲು ಬರೆದು ತಿಳಿಸಿ. ರದ್ದಿಗೆ ಮಾತ್ರ ಹಾಕಬೇಡಿ.